ಹಾಲಿನ ಚೀಟಿ: ಯಂತ್ರ ಅಳೆದದ್ದು ಯಾವುದು, ಕೈಯಿಂದ ಒತ್ತಿದ್ದು ಯಾವುದು?

ಸಂಘದಲ್ಲಿ ಹಾಲು ಸುರಿದ ಒಂದೆರಡು ನಿಮಿಷದಲ್ಲಿ ಯಂತ್ರದಿಂದ ಚೀಟಿ ಹೊರಬರುತ್ತದೆ. ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಸಂಘಗಳಲ್ಲಿ ನಾನು ಕಂಡಂತೆ, ಬಹಳಷ್ಟು ಅಕ್ಕಂದಿರು ಕೊನೆಯಲ್ಲಿರುವ ರೂಪಾಯಿ ಮಾತ್ರ ನೋಡಿ ಚೀಟಿಯನ್ನು ಸೆರಗಿಗೆ ಕಟ್ಟಿಕೊಳ್ಳುತ್ತಾರೆ. ಕೆಲವರು ಅಲ್ಲೇ ಬಿಸಾಡುತ್ತಾರೆ. ಮುಂದೆ ನಾನು ದನ ನೋಡಲು ಬಂದಾಗ ಪ್ರಶ್ನೆ ಬರುತ್ತದೆ: “ಎಮ್ಮಿ ಅದೇ ಅದ, ಮೇವು ಅದೇ ಅದ, ಫ್ಯಾಟ್ ಯಾಕ ಕಮ್ಮಿ ಬರ್ಲಕತ್ತದ್ರಿ ಡಾಕ್ಟರ್?” ಉತ್ತರ ಕೆಲವೊಮ್ಮೆ ಎಮ್ಮೆಯಲ್ಲಿ ಇರುತ್ತದೆ, ಕೆಲವೊಮ್ಮೆ ಆ ಚೀಟಿಯಲ್ಲೇ ಇರುತ್ತದೆ.

ದೊಡ್ಡ ಕಚೇರಿಗಳಿಂದ ಬರುವ ಲಕೋಟೆಗಳ ಮೇಲೆ ಅಂಚೆಚೀಟಿಯ ಬದಲು ಮುದ್ರೆ ಒತ್ತಿರುವುದನ್ನು ನೀವು ನೋಡಿರಬಹುದು. ಅದು ಫ್ರಾಂಕಿಂಗ್ ಯಂತ್ರದ ಕೆಲಸ. ಅಂಚೆ ಇಲಾಖೆಗೆ ಮೊದಲೇ ಹಣ ಕಟ್ಟಿರುತ್ತಾರೆ. ಯಂತ್ರ ತಾರೀಖು ಮತ್ತು ಮೊತ್ತ ಅಚ್ಚು ಹಾಕಿ, ಅಷ್ಟನ್ನು ಲೆಕ್ಕದಿಂದ ಕಳೆಯುತ್ತದೆ. ಆದರೆ 5 ರೂಪಾಯಿ ಬದಲು 50 ಎಂದು ಒತ್ತಿದರೆ ಅದು 50 ಅನ್ನೇ ಅಚ್ಚು ಹಾಕುತ್ತದೆ. ಸಂಘದ ಯಂತ್ರವೂ ಅದೇ ಜಾತಿಯದು. ತೂಕ, ಫ್ಯಾಟ್, ಎಸ್‌ಎನ್‌ಎಫ್ ಯಂತ್ರ ಅಳೆದ ಅಂಕಿಗಳು. ಸದಸ್ಯರ ನಂಬರು, ಹಸುವಿನ ಹಾಲೋ ಎಮ್ಮೆಯ ಹಾಲೋ ಎಂಬುದು, ದರಪಟ್ಟಿ ಇವು ಮನುಷ್ಯರು ತುಂಬಿದವು.

ಆದ್ದರಿಂದ ಚೀಟಿ ಕೈಗೆ ಬಂದ ಕೂಡಲೇ ಮೊದಲು ನಿಮ್ಮ ನಂಬರು ನೋಡಿ. 47 ಬದಲು 74 ಎಂದು ಬಿದ್ದರೆ ಆ ಹೊತ್ತಿನ ಹಾಲು ಬೇರೆಯವರ ಲೆಕ್ಕಕ್ಕೆ ಹೋಯಿತು. ಬಟವಾಡೆ ಮಾತ್ರವಲ್ಲ, ಸರ್ಕಾರ ಲೀಟರಿಗೆ ಇಂತಿಷ್ಟು ಎಂದು ಕೊಡುವ ಪ್ರೋತ್ಸಾಹಧನವೂ ಈ ಲೆಕ್ಕದ ಮೇಲೆಯೇ ನಿಂತಿದೆ. (ಕರೆಯುವವರು ನೀವು, ನಂಬರು ಯಜಮಾನರ ಹೆಸರಿನಲ್ಲಿ ಎಂಬ ಮನೆಗಳು ಇನ್ನೂ ಬಹಳ ಇವೆ. ಸದಸ್ಯತ್ವ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳುವ ಬಗ್ಗೆ ಕಾರ್ಯದರ್ಶಿಯನ್ನು ಕೇಳಿ.) ಎರಡನೆಯದು ಹಸು ಅಥವಾ ಎಮ್ಮೆ ಎಂಬ ಗುರುತು. ಎರಡಕ್ಕೂ ಬೇರೆ ದರಪಟ್ಟಿ ಇರುವಲ್ಲಿ ಒಂದು ಗುಂಡಿ ತಪ್ಪಿದರೆ ದರವೇ ಬದಲಾಗುತ್ತದೆ.

ತೂಕದ ವಿಷಯದಲ್ಲಿ ಜಗಳ ಹೆಚ್ಚು, ಕಾರಣ ಸಣ್ಣದು. ಹಾಲು ನೀರಿಗಿಂತ ಸ್ವಲ್ಪ ಭಾರ. 1 ಲೀಟರ್ ಹಾಲು ಸುಮಾರು 1.03 ಕೆ.ಜಿ. ತೂಗುತ್ತದೆ. ತಕ್ಕಡಿಯಲ್ಲಿ 5.15 ಕೆ.ಜಿ. ಕಂಡು ಚೀಟಿಯಲ್ಲಿ 5 ಲೀಟರ್ ಬಂದರೆ ಅದು ಮೋಸವಲ್ಲ. ನೀವು ನೋಡಬೇಕಾದದ್ದು ಬೇರೆ: ಹಾಲು ಸುರಿಯುವ ಮೊದಲು ಖಾಲಿ ಪಾತ್ರೆ ಇಟ್ಟಾಗ ತಕ್ಕಡಿ ಸೊನ್ನೆ ತೋರಿಸುತ್ತದೆಯೇ? ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಅದರ ಮೇಲಿದೆಯೇ? ಆ ಮುದ್ರೆಯನ್ನು ವರ್ಷಕ್ಕೊಮ್ಮೆ ಹೊಸದಾಗಿ ಹಾಕಿಸಬೇಕು.

ಇನ್ನು ಫ್ಯಾಟ್. ಹಿಂದೆ ಗರ್ಬರ್ ವಿಧಾನದಲ್ಲಿ ಗಾಜಿನ ಕೊಳವೆಗೆ ಆಸಿಡ್ ಹಾಕಿ, ತಿರುಗಿಸಿ ಕೊಬ್ಬು ಬೇರ್ಪಡಿಸಿ ಓದುತ್ತಿದ್ದರು. ಈಗಿನ ಹಲವು ಯಂತ್ರಗಳು ಹಾಲಿನೊಳಗೆ ಶಬ್ದತರಂಗ ಹಾಯಿಸಿ ಒಂದು ನಿಮಿಷದೊಳಗೆ ಫ್ಯಾಟ್, ಎಸ್‌ಎನ್‌ಎಫ್ ಎರಡನ್ನೂ ಹೇಳುತ್ತವೆ. ಇವು ಚುರುಕು, ಆದರೆ ನಾಜೂಕು. ನೊರೆ ಇದ್ದರೆ, ಹಾಲು ಹುಳಿ ತಿರುಗಿದ್ದರೆ, ಕೊಳವೆ ತೊಳೆಯದೆ ಕೆನೆ ಕಟ್ಟಿದ್ದರೆ ಅಂಕಿ ತಪ್ಪುತ್ತದೆ. ಕೆನೆ ಮೇಲೇರುವುದರಿಂದ, ಕಲಕದೆ ಮೇಲಿನಿಂದ ಸ್ಯಾಂಪಲ್ ತೆಗೆದರೆ ಫ್ಯಾಟ್ ಜಾಸ್ತಿ, ಅಡಿಯಿಂದ ತೆಗೆದರೆ ಕಡಿಮೆ. ಸ್ಯಾಂಪಲ್ ತೆಗೆಯುವ ಮೊದಲು ಹಾಲು ಕಲಕಲು ಹೇಳಿ. ಅಂಕಿ ನಿನ್ನೆಗಿಂತ ತೀರಾ ಬೇರೆ ಬಂದರೆ ಹಾಲು ಕ್ಯಾನಿಗೆ ಬೀಳುವ ಮೊದಲೇ ಇನ್ನೊಮ್ಮೆ ಹಾಕಿಸಿ. ಕ್ಯಾನಿಗೆ ಬಿದ್ದ ಮೇಲೆ ನಿಮ್ಮ ಹಾಲು ಯಾವುದೆಂದು ಹೇಳುವವರು ಯಾರು?

ಎರಡನೇ ಸಲವೂ ಅದೇ ಬಂದರೆ ಕೊಟ್ಟಿಗೆ ಕಡೆ ನೋಡೋಣ. ಮೊದಲು ಕರೆಯುವ ಹಾಲಿನಲ್ಲಿ ಫ್ಯಾಟ್ ತೀರಾ ಕಡಿಮೆ, ಕೊನೆಯ ಹಾಲಿನಲ್ಲಿ ಅದರ ಹಲವು ಪಟ್ಟು. ಕರುವಿಗೆ ಕೊನೆಯ ಹಾಲು ಬಿಟ್ಟರೆ ಕರು ಗಟ್ಟಿ ಹಾಲು ಕುಡಿಯುತ್ತದೆ, ಸಂಘಕ್ಕೆ ತೆಳು ಹಾಲು ಬರುತ್ತದೆ. ಕರುವಿನ ಪಾಲು ಕಸಿಯಬೇಡಿ, ಮೊದಲ ಹಾಲಿನಲ್ಲಿ ಕೊಡಿ. ಸಂಜೆಯಿಂದ ಬೆಳಿಗ್ಗೆವರೆಗಿನ ಅಂತರ ದೊಡ್ಡದಾದ್ದರಿಂದ ಬೆಳಿಗ್ಗೆ ಹಾಲು ಹೆಚ್ಚು, ಫ್ಯಾಟ್ ಸ್ವಲ್ಪ ಕಡಿಮೆ. ಬೆಳಗಿನ ಚೀಟಿಯನ್ನು ಬೆಳಗಿನದರ ಜೊತೆಗೇ ಹೋಲಿಸಿ. ಹಿಂಡಿ ಹೆಚ್ಚು ಹಾಕಿ ಕಣಕಿ, ಹೊಟ್ಟು ಕಡಿಮೆ ಮಾಡಿದರೂ ಫ್ಯಾಟ್ ಇಳಿಯುತ್ತದೆ. ನಾರಿನ ಮೇವಿನಿಂದಲೇ ಕೊಬ್ಬು ಹುಟ್ಟುವುದು. ನಮ್ಮ ಬೇಸಿಗೆಯ ಬಿಸಿಲಿಗೆ ದನ ಮೇವು ಬಿಟ್ಟಾಗಲೂ ಹಾಗೇ ಆಗುತ್ತದೆ.

ನನಗೆ ಹೆಚ್ಚು ಚಿಂತೆ ತರುವುದು ಎಸ್‌ಎನ್‌ಎಫ್ ಇಳಿಕೆ. ನೀರು ಬೆರೆಸಿಲ್ಲ, ಪಾತ್ರೆಯಲ್ಲಿ ತೊಳೆದ ನೀರು ಉಳಿದಿಲ್ಲ, ಆದರೂ ನಾಲ್ಕೈದು ಹೊತ್ತು ಸತತ ಇಳಿದರೆ ಕೆಚ್ಚಲು ಬಾವು ಒಳಗೇ ಶುರುವಾಗಿರಬಹುದು. ಈ ಹಂತದಲ್ಲಿ ಬಾವು ಕಾಣುವುದಿಲ್ಲ, ಹಾಲೂ ಒಡೆದಿರುವುದಿಲ್ಲ. ನಾಲ್ಕೂ ಮೊಲೆಯ ಹಾಲನ್ನು ಬೇರೆ ಬೇರೆ ಪರೀಕ್ಷೆ ಮಾಡಿಸಲು ನಮ್ಮನ್ನು ಕರೆಯಿರಿ, ಬರುವಾಗ ಆ ಚೀಟಿಗಳನ್ನು ತೆಗೆದಿಡಿ.

ಕೆಲವು ಯಂತ್ರಗಳ ಚೀಟಿ ಬಿಸಿಗೆ ಅಚ್ಚಾಗುವ ಕಾಗದ. ಒಲೆ ಹತ್ತಿರವೋ ಬಿಸಿಲಲ್ಲೋ ಇಟ್ಟರೆ ಅಕ್ಷರ ಮಾಸುತ್ತದೆ ಅಥವಾ ಕಾಗದ ಕಪ್ಪಾಗುತ್ತದೆ. ಶಾಲೆಗೆ ಹೋಗುವ ಮಗಳಿದ್ದರೆ ತಾರೀಖು, ಲೀಟರ್, ಫ್ಯಾಟ್, ಎಸ್‌ಎನ್‌ಎಫ್, ರೂಪಾಯಿ ಐದನ್ನೂ ದಿನಾ ಒಂದು ನೋಟ್‌ಬುಕ್ಕಿನಲ್ಲಿ ಬರೆಸಿ. ಬಟವಾಡೆಯ ದಿನ ಅದನ್ನು ಜೊತೆಗೆ ತನ್ನಿ.