ತೊಡೆಸಂದಿನ ಹಳೆಯ ನೋವು: ಎಣ್ಣೆಯೊಂದೇ ಸಾಲದು

ಕಬಡ್ಡಿ, ಕುಸ್ತಿ, ಫುಟ್‌ಬಾಲ್ ಆಡುವ ತರುಣರಲ್ಲಿ ತೊಡೆಸಂದಿನ ನೋವು ಸಾಮಾನ್ಯ. ನೋವಿರುವ ಜಾಗದ ಸಂಕೋಚದಿಂದ ಅವರು ಹೆತ್ತವರಿಗೂ ಹೇಳುವುದಿಲ್ಲ. ನಾಲ್ಕು ದಿನ ವಿಶ್ರಾಂತಿ ಪಡೆದು, ಎಣ್ಣೆ ತಿಕ್ಕಿಸಿಕೊಂಡು ಮತ್ತೆ ಅಂಕಣಕ್ಕಿಳಿಯುತ್ತಾರೆ, ನೋವು ಮರುಕಳಿಸುತ್ತದೆ. ತಿಂಗಳುಗಳು ಕಳೆದ ಮೇಲೆ ನಮ್ಮ ಬಳಿಗೆ ಬರುವಾಗ, ಆಟವನ್ನೇ ಬಿಡಬೇಕಾದೀತೆಂಬ ಚಿಂತೆ ಅವರನ್ನು ಕಾಡುತ್ತಿರುತ್ತದೆ.

ತೊಡೆಯ ಒಳಭಾಗದ ಮಾಂಸಖಂಡಗಳು ಕಿಬ್ಬೊಟ್ಟೆಯ ಕೆಳಗಿನ ಮೂಳೆಯಿಂದ ಹೊರಡುತ್ತವೆ. ಓಡುತ್ತ ಥಟ್ಟನೆ ತಿರುಗುವಾಗ, ಚೆಂಡನ್ನು ಒದೆಯುವಾಗ, ಎದುರಾಳಿಯ ಹಿಡಿತದಿಂದ ಕಾಲು ಕೀಳುವಾಗ ಅವುಗಳ ಬುಡಕ್ಕೆ ಹೆಚ್ಚಿನ ಎಳೆತ ಬೀಳುತ್ತದೆ. ಆಟದ ಆರಂಭದಲ್ಲಿ ನೋವು, ಮೈ ಬಿಸಿಯಾದಾಗ ಶಮನ, ಮರುದಿನ ಬೆಳಗ್ಗೆ ಬಿಗಿತ, ಇವು ಇದರ ಲಕ್ಷಣಗಳು.

ಆದರೆ ಎಲ್ಲ ನೋವಿಗೂ ಮೂಲ ಒಂದೇ ಅಲ್ಲ. ರೋಗಿಯನ್ನು ಅಂಗಾತ ಮಲಗಿಸಿ, ಮಂಡಿ ಮಡಿಸಿ, ನಡುವೆ ಮುಷ್ಟಿಯಿಟ್ಟು ಅದನ್ನು ಒತ್ತಲು ಹೇಳುತ್ತೇವೆ. ಆಗ ತೊಡೆಯ ಒಳಬುಡದಲ್ಲಿ ಪರಿಚಿತ ನೋವೇ ಕಾಣಿಸಿದರೆ ಒಳತೊಡೆಯ ಮಾಂಸಖಂಡವೇ ಕಾರಣವೆಂದು ತಿಳಿಯಬಹುದು. ತಡೆಯೊಡ್ಡಿದಾಗ ಕಾಲೆತ್ತಲು ನೋವಾದರೆ ಸೊಂಟದ ಮುಂಭಾಗದ ಮಾಂಸಖಂಡವನ್ನೂ, ತೊಡೆಯನ್ನು ಒಳಕ್ಕೆ ತಿರುಗಿಸುವಾಗ ನೋವು ಮತ್ತು ತಡೆ ಕಂಡರೆ ಸೊಂಟದ ಕೀಲನ್ನೂ ಪರೀಕ್ಷಿಸಬೇಕು. ಕೆಮ್ಮಿದಾಗ ಉಬ್ಬು ಕಂಡರೆ ಅದು ಹರ್ನಿಯಾ ಇರಬಹುದು. ಕಾಲೂರಿದರೆ ಹೆಚ್ಚುವ, ರಾತ್ರಿಯೂ ಬಿಡದ ನೋವಿಗೆ ಮೂಳೆಯ ಬಿರುಕು ಕಾರಣವಾಗಿರಬಹುದು. ತಡಮಾಡದೆ ಚಿತ್ರಪರೀಕ್ಷೆ ಮಾಡಿಸಬೇಕು. ಬಾಲಕರಿಗೆ ವೃಷಣದಲ್ಲಿ ಹಠಾತ್ತನೆ ತೀವ್ರ ನೋವು, ವಾಂತಿ ಬಂದರೆ ಕೂಡಲೇ ಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ಆಸ್ಪತ್ರೆಗೆ ಒಯ್ಯತಕ್ಕದ್ದು.

ಒಳತೊಡೆಯ ನೋವಿಗೆ ಮುಖ್ಯ ಚಿಕಿತ್ಸೆ ವ್ಯಾಯಾಮವೇ. 1999ರಲ್ಲಿ ಡೆನ್ಮಾರ್ಕಿನ ವೈದ್ಯರು ಪ್ರಕಟಿಸಿದ ಅಧ್ಯಯನದಲ್ಲಿ, ಬಲವರ್ಧಕ ವ್ಯಾಯಾಮವನ್ನು ಪೂರ್ಣಗೊಳಿಸಿದ 29 ಆಟಗಾರರಲ್ಲಿ 23 ಮಂದಿ ನೋವಿಲ್ಲದೆ ಮೊದಲಿನಂತೆ ಆಟಕ್ಕೆ ಮರಳಿದರು. ತಿಕ್ಕುವಿಕೆ, ಲೇಸರ್ ಮೊದಲಾದ ಚಿಕಿತ್ಸೆ ಪಡೆದ 30 ಮಂದಿಯಲ್ಲಿ ಹಾಗೆ ಮರಳಿದವರು ನಾಲ್ವರು ಮಾತ್ರ. ಮೊದಲ ಎರಡು ವಾರ, ಅಂಗಾತ ಮಲಗಿ ಮಂಡಿಗಳ ನಡುವೆ ಚೆಂಡನ್ನಿಟ್ಟು 30 ಸೆಕೆಂಡು ಒತ್ತಬೇಕು. ಹೀಗೆ 10 ಬಾರಿ. ಬಳಿಕ ತಜ್ಞರ ಮಾರ್ಗದರ್ಶನದಲ್ಲಿ ಭಾರವನ್ನು ಹೆಚ್ಚಿಸುತ್ತ ಹೋಗಬೇಕು. ವ್ಯಾಯಾಮದ ಅವಧಿ 8ರಿಂದ 12 ವಾರ. ಅಲ್ಲಿಯವರೆಗೆ ಪಂದ್ಯ ಬೇಡ. ಆರು ವಾರಗಳ ನಂತರ ನೋವಿಲ್ಲದಿದ್ದರೆ ನಿಧಾನವಾಗಿ ಓಡಬಹುದು.

ಹಾಗಾದರೆ ಅಭ್ಯಂಗ, ಸ್ವೇದನಗಳು ನಿಷ್ಪ್ರಯೋಜಕವೇ? ಅಲ್ಲ. ಬಿಗಿತವನ್ನು ಸಡಿಲಿಸಿ ವ್ಯಾಯಾಮಕ್ಕೆ ದೇಹವನ್ನು ಅಣಿಗೊಳಿಸುವುದಕ್ಕೆ ಅವು ಸಹಾಯಕ. ಆದರೆ ಸುಶ್ರುತರು ಹೇಳಿದ 107 ಮರ್ಮಗಳಲ್ಲೊಂದಾದ ವಿಟಪವು ವಂಕ್ಷಣ, ಅಂದರೆ ತೊಡೆಸಂದು, ಹಾಗೂ ವೃಷಣಗಳ ನಡುವೆ ಇದೆ. ಆದ್ದರಿಂದ ಅಲ್ಲಿ ಬಲವಾಗಿ ತಿಕ್ಕಿಸುವುದು, ತುಳಿಸುವುದು ಸಲ್ಲದು. ವಂಕ್ಷಣಕ್ಕೆ ಮಧ್ಯಮ ಶಾಖವನ್ನೇ ಕೊಡಬೇಕು, ವೃಷಣಕ್ಕೆ ಮೃದುವಾಗಿ ಕೊಡಬೇಕು ಇಲ್ಲವೇ ಕೊಡಲೇಬಾರದು ಎಂಬುದು ಚರಕರ ವಿಧಿ.

ಮಗ ಅಥವಾ ಮಗಳು ಕುಂಟುತ್ತ ಮನೆಗೆ ಬಂದರೆ ಗದರದೆ, ಸಂಕೋಚಕ್ಕೆ ಎಡೆಗೊಡದೆ ವಿಚಾರಿಸಿರಿ. ಒಂದು ಋತುವಿನ ಪಂದ್ಯಗಳನ್ನು ಬಿಟ್ಟರೆ ನಷ್ಟವಿಲ್ಲ. ಬೇರೂರಿದ ನೋವಿನೊಡನೆ ಆಡುತ್ತ ಹೋದರೆ ಮುಂದಿನ ಹಲವು ಋತುಗಳು ಕೈತಪ್ಪಬಹುದು.