ಹೊಸ ರೈಫಲ್ ಯಾಕೆ ಸಿಕ್ಕಿಕೊಂಡಿತು? ತುಕ್ಕು, ಮದ್ದು ಮತ್ತು ಒಂದು ದೂರಿನ ಕಥೆ



ಮೂರು ಪ್ರನಾಳ, ಮೂರು ಕಬ್ಬಿಣದ ಮೊಳೆ. ಒಂದರಲ್ಲಿ ನೀರು ಮತ್ತು ಗಾಳಿ, ಇನ್ನೊಂದರಲ್ಲಿ ಕುದಿಸಿದ ನೀರು ಮತ್ತು ಮೇಲೊಂದು ಪದರ ಎಣ್ಣೆ, ಮೂರನೆಯದರಲ್ಲಿ ಬರೀ ಒಣಗಾಳಿ. ಕಾಸರಗೋಡಿರಲಿ, ಜತ್ತ ಇರಲಿ, ತಾಳವಾಡಿ ಇರಲಿ, ಈ ಪ್ರಯೋಗ ಮಾಡಿಸದ ವಿಜ್ಞಾನ ಶಿಕ್ಷಕರು ನಮ್ಮಲ್ಲಿ ಇಲ್ಲ. ಮಕ್ಕಳು "ಒಂದನೇ ಮೊಳೆಗೆ ತುಕ್ಕು ಹಿಡೀತು ಸರ್" ಅಂತಾರೆ, ನಾವು ಸರಿ ಗುರುತು ಹಾಕಿ ಮುಂದಿನ ಪಾಠಕ್ಕೆ ಹೋಗ್ತೇವೆ.

ಇಷ್ಟೇ ಸಣ್ಣ ವಿಷಯವನ್ನು ಲೆಕ್ಕಕ್ಕೆ ಇಡದೆ ಹೋದದ್ದರಿಂದ ಒಂದು ದೊಡ್ಡ ದೇಶದ ಸೈನಿಕರು ಪ್ರಾಣ ಕಳೆದುಕೊಂಡ ಕಥೆಯೊಂದಿದೆ. ಅಮೆರಿಕದ ಎಂ-16 ರೈಫಲ್ಲಿನ ಕಥೆ. ಯುದ್ಧದ ಕಥೆ ವಿಜ್ಞಾನ ಪತ್ರಿಕೆಗೆ ಯಾಕೆ ಎಂದು ಕೇಳಬೇಡಿ. ಇದರಲ್ಲಿ ಗುಂಡಿಗಿಂತ ರಸಾಯನಶಾಸ್ತ್ರವೇ ಹೆಚ್ಚು.

ಕಾಗದದ ಮೇಲೆ ಒಳ್ಳೆಯ ಯಂತ್ರ

ಯೂಜಿನ್ ಸ್ಟೋನರ್ ಎಂಬ ವಿನ್ಯಾಸಕಾರ 1950ರ ದಶಕದ ಕೊನೆಯಲ್ಲಿ ಆರ್ಮಲೈಟ್ ಕಂಪನಿಯಲ್ಲಿದ್ದಾಗ ಹಗುರವಾದ ಒಂದು ರೈಫಲ್ ರೂಪಿಸಿದರು. ಅದರ ಕ್ಯಾಲಿಬರ್ 5.56 ಮಿಲಿಮೀಟರ್. 1959ರಲ್ಲಿ ಅದರ ಹಕ್ಕನ್ನು ಕೋಲ್ಟ್ ಕಂಪನಿ ಕೊಂಡಿತು. ಮೊದಮೊದಲ ಪರೀಕ್ಷೆಗಳಲ್ಲಿ ಅದು ಚೆನ್ನಾಗಿಯೇ ನಡೆಯಿತು. ಅಮೆರಿಕದ ಸೇನೆ ಅದನ್ನು ಎಂ-16 ಎಂಬ ಹೆಸರಿನಲ್ಲಿ ವಿಯೆಟ್ನಾಂಗೆ ಕಳಿಸಿತು. ಅಲ್ಲಿ ಹೋದ ಮೇಲೆ ಅದು ಗುಂಡು ಹಾರಿಸುತ್ತಿರುವಾಗಲೇ ಸಿಕ್ಕಿಹಾಕಿಕೊಳ್ಳತೊಡಗಿತು.

ಸಿಕ್ಕಿಕೊಳ್ಳುವುದು ಎಂದರೇನು? ಕಾಡತೂಸಿನ ಹಿತ್ತಾಳೆ ಕವಚದೊಳಗೆ ಮದ್ದು ಉರಿದಾಗ ಒತ್ತಡಕ್ಕೆ ಕವಚ ಉಬ್ಬಿ ಚೇಂಬರಿನ ಗೋಡೆಗೆ ಅಂಟುತ್ತದೆ. ಒತ್ತಡ ಇಳಿದೊಡನೆ ಹಿತ್ತಾಳೆ ತುಸು ಕುಗ್ಗುತ್ತದೆ, ಆಗ ಅದನ್ನು ಹಿಂದಕ್ಕೆ ಎಳೆದು ಹೊರಗೆ ಎಸೆಯಬಹುದು. ಎಳೆಯುವ ಕೆಲಸವನ್ನು ಉರಿದ ಮದ್ದಿನ ಅನಿಲವೇ ಮಾಡುತ್ತದೆ. ನಳಿಗೆಯ ಒಂದು ರಂಧ್ರದಿಂದ ಸ್ವಲ್ಪ ಅನಿಲ ತೆಳ್ಳನೆಯ ಕೊಳವೆಯಲ್ಲಿ ಹಿಂದೆ ಬಂದು ಯಂತ್ರಭಾಗವನ್ನು ತಳ್ಳುತ್ತದೆ. ಕವಚ ಬಾರದೆ ಒಳಗೇ ಕಚ್ಚಿಕೊಂಡರೆ ಸೈನಿಕ ನಳಿಗೆಯ ತುದಿಯಿಂದ ಕಡ್ಡಿ ತೂರಿಸಿ ಅದನ್ನು ಕುಟ್ಟಿ ತೆಗೆಯಬೇಕು. ಎದುರಿನಿಂದ ಗುಂಡು ಬರುತ್ತಿರುವಾಗ!

ಮೂರು ಸಣ್ಣ ತಪ್ಪು, ಒಂದೇ ಜಾಗದಲ್ಲಿ

ಮೊದಲನೆಯದು ಮದ್ದು. ಸ್ಟೋನರ್ ತಮ್ಮ ರೈಫಲನ್ನು ಡ್ಯೂಪಾಂಟ್ ಕಂಪನಿಯ ಒಂದು ಮದ್ದಿಗೆ ಹೊಂದಿಸಿದ್ದರು. ಸೇನೆ ಗುಂಡಿನ ವೇಗ ಸೆಕೆಂಡಿಗೆ 3250 ಅಡಿ ಇರಬೇಕೆಂದು ಹಟ ಹಿಡಿಯಿತು. ಅಷ್ಟು ವೇಗವನ್ನು ಒತ್ತಡದ ಮಿತಿಯೊಳಗೆ, ಭಾರೀ ಪ್ರಮಾಣದಲ್ಲಿ ಒದಗಿಸುವುದು ಆ ಮದ್ದಿಗೆ ಕಷ್ಟವಾಯಿತು. 1964ರಲ್ಲಿ ಸೇನೆ 'ಬಾಲ್ ಪೌಡರ್' ಎಂಬ ಬೇರೆ ಮದ್ದಿಗೆ ಬದಲಾಯಿಸಿತು. ವೇಗವೇನೋ ಸಿಕ್ಕಿತು. ಆದರೆ ಅನಿಲದ ರಂಧ್ರದ ಬಳಿ ಒತ್ತಡ ಹೆಚ್ಚಾಯಿತು. ನಿಮಿಷಕ್ಕೆ 700–800 ಗುಂಡುಗಳ ಆಸುಪಾಸಿನಲ್ಲಿದ್ದ ಗತಿ 1000ದ ಹತ್ತಿರ ಹೋಯಿತು. ಯಂತ್ರಭಾಗ ಅವಸರದಲ್ಲಿ ಹಿಂದೆ ಸರಿದು, ಹಿತ್ತಾಳೆ ಇನ್ನೂ ಪೂರ್ತಿ ಕುಗ್ಗುವ ಮೊದಲೇ ಎಳೆಯತೊಡಗಿತು.

ಇನ್ನೂ ಒಂದಿದೆ. ಆ ಮದ್ದಿನಲ್ಲಿ ಉಳಿಯುವ ಆಮ್ಲವನ್ನು ತಟಸ್ಥಗೊಳಿಸಲು ಕ್ಯಾಲ್ಸಿಯಂ ಕಾರ್ಬೊನೇಟ್ ಬೆರೆಸುತ್ತಿದ್ದರು. ಅಮೃತಶಿಲೆಯ ಅದೇ ಲವಣ. ಆಮ್ಲದ ಕೆಲಸಕ್ಕೆ ಅದು ಸರಿಯೇ. ಆದರೆ ಗುಂಡು ಹಾರಿದ ಮೇಲೆ ಅದರ ಮಸಿ ತೆಳ್ಳನೆಯ ಅನಿಲಕೊಳವೆಯಲ್ಲಿ ಕೂತುಕೊಂಡಿತು.

ಎರಡನೆಯದು ತುಕ್ಕು. ಚೇಂಬರಿಗೆ ಕ್ರೋಮಿಯಂ ಲೇಪನ ಇರಲಿಲ್ಲ. ವಿಯೆಟ್ನಾಂ ಎಂದರೆ ಮಳೆ, ಕೆಸರು, ಬೆವರು. ನಮ್ಮ ಒಂದನೇ ಪ್ರನಾಳವೇ. ಉಕ್ಕಿನ ಗೋಡೆಯಲ್ಲಿ ತುಕ್ಕಿನ ಸಣ್ಣ ಕುಳಿಗಳು ಬಿದ್ದವು. ಉಬ್ಬಿದ ಹಿತ್ತಾಳೆ ಆ ಕುಳಿಗಳನ್ನು ಕಚ್ಚಿಕೊಂಡಿತು. ಬೇಸರದ ಸಂಗತಿಯೆಂದರೆ, ಇದೇ ಸೇನೆಯ ಹಿಂದಿನ ರೈಫಲ್ ಎಂ-14ಕ್ಕೆ ಕ್ರೋಮಿಯಂ ಲೇಪನ ಇತ್ತು. ತಿಳಿಯದೆ ಬಿಟ್ಟದ್ದಲ್ಲ, ತಿಳಿದೂ ಬಿಟ್ಟದ್ದು.

ಮೂರನೆಯದು ಶುಚಿ. ಈ ರೈಫಲ್ಲಿಗೆ ಹೆಚ್ಚು ಶುಚಿ ಬೇಡ ಎಂಬ ಮಾತು ಹರಡಿತ್ತು. ಶುಚಿಮಾಡುವ ಕಡ್ಡಿ, ಬ್ರಷ್ಷು, ಎಣ್ಣೆ ಸಾಕಷ್ಟು ಹೋಗಲೇ ಇಲ್ಲ. ಕೆಲವು ಹುಡುಗರು ಎಣ್ಣೆ ಕಳಿಸಿ ಎಂದು ಮನೆಗೆ ಕಾಗದ ಬರೆದರು.

ಪರೀಕ್ಷೆ ಎಲ್ಲಿ ನಡೆಯಿತು?

ಈಗ ನಿಮ್ಮ ಗಮನ ಬೇಕಾದ ಜಾಗಕ್ಕೆ ಬಂದೆವು. ಹೊಸ ಮದ್ದು ಹಾಕಿದರೆ ಗತಿ ಮಿತಿ ಮೀರುತ್ತದೆ, ರೈಫಲ್‌ಗಳು ಪರೀಕ್ಷೆಯಲ್ಲಿ ಪಾಸಾಗುವುದು ಕಷ್ಟ ಎಂದು ಕೋಲ್ಟ್ ಕಂಪನಿಯೇ ಸೇನೆಗೆ ತಿಳಿಸಿತ್ತು. ಹಾಗಾದರೆ ಏನು ಮಾಡಬೇಕಿತ್ತು? ಮದ್ದನ್ನೋ ರೈಫಲನ್ನೋ ಸರಿಪಡಿಸಬೇಕಿತ್ತು, ಅಲ್ವಾ? ಹಾಗಾಗಲಿಲ್ಲ. ಕಾರ್ಖಾನೆಯ ಪರೀಕ್ಷೆಗೆ ಬೇರೆ ಮದ್ದು ಬಳಸಿಕೊಳ್ಳಿ ಎಂದು ಕಂಪನಿಗೆ ಅನುಮತಿ ಸಿಕ್ಕಿತು. ಪರೀಕ್ಷೆ ಒಂದು ಮದ್ದಿನಲ್ಲಿ, ಯುದ್ಧ ಇನ್ನೊಂದು ಮದ್ದಿನಲ್ಲಿ. ರೈಫಲ್ ಪಾಸಾಯಿತು, ಸೈನಿಕ ಫೇಲಾದ.

ದೂರು ಬಂದಾಗ ಸುಲಭದ ಉತ್ತರ ಸಿದ್ಧವಾಗಿತ್ತು: ಹುಡುಗರು ಸರಿಯಾಗಿ ಶುಚಿ ಮಾಡುತ್ತಿಲ್ಲ. ಅದರಲ್ಲಿ ಅರ್ಧ ಸತ್ಯ ಇತ್ತು. ಶುಚಿ ಮಾಡದಿದ್ದರೆ ರೈಫಲ್ ಸಿಕ್ಕಿಕೊಳ್ಳುತ್ತದೆ, ನಿಜ. ಆದರೆ ಕಡ್ಡಿ ಕೊಡದವರು ಯಾರು? ಬಳಸುವವನ ಕೈಯನ್ನು ದೂರಿ ವಸ್ತುವಿನ ದೋಷ ಮುಚ್ಚುವುದು ಹಳೆಯ ಚಾಳಿ.

ಕೊನೆಗೆ ಕಟ್ಟೆ ಒಡೆದದ್ದು ಕಾಗದಗಳಿಂದ. 1967ರಲ್ಲಿ ಖೆ ಸಾನ್ ಬಳಿಯ ಗುಡ್ಡಗಳಲ್ಲಿ ಭೀಕರ ಕಾಳಗ ನಡೆಯಿತು. ಸತ್ತ ಗೆಳೆಯರ ಪಕ್ಕದಲ್ಲಿ, ಅವರು ಸರಿಪಡಿಸಲು ಹೊರಟು ಬಿಚ್ಚಿಟ್ಟ ರೈಫಲ್‌ಗಳು ಬಿದ್ದಿದ್ದವೆಂದು ಅಲ್ಲಿದ್ದ ಸೈನಿಕನೊಬ್ಬ ಮನೆಗೆ ಬರೆದ. ಆ ಕಾಗದ ಪತ್ರಿಕೆಗೆ ಹೋಯಿತು, ಅಲ್ಲಿಂದ ಅಮೆರಿಕದ ಸಂಸತ್ತಿಗೆ ಹೋಯಿತು. ರಿಚರ್ಡ್ ಐಕಾರ್ಡ್ ಎಂಬ ಸದಸ್ಯರ ಅಧ್ಯಕ್ಷತೆಯಲ್ಲಿ ಉಪಸಮಿತಿ ವಿಚಾರಣೆ ನಡೆಸಿತು. ಸ್ಟೋನರ್ ಅವರನ್ನೂ ಕರೆದು ಕೇಳಿತು. ಅದೇ ವರ್ಷ ಅಕ್ಟೋಬರಿನಲ್ಲಿ ಬಂದ ವರದಿ ಮದ್ದಿನ ಬದಲಾವಣೆಯನ್ನು ಮುಖ್ಯ ಕಾರಣವೆಂದು ತೋರಿಸಿ, ತಿಳಿದೂ ಸುಮ್ಮನಿದ್ದ ಅಧಿಕಾರಿಗಳನ್ನು ಕಟುವಾಗಿ ಟೀಕಿಸಿತು.

ಪರಿಹಾರಗಳೇನೂ ಬ್ರಹ್ಮವಿದ್ಯೆಯಾಗಿರಲಿಲ್ಲ. ಚೇಂಬರಿಗೆ ಕ್ರೋಮಿಯಂ ಲೇಪನ ಬಂತು. ಗತಿ ತಗ್ಗಿಸಲು ಹಿಂಭಾಗದ ಬಫರನ್ನು ತೂಕವಾಗಿ ಮಾಡಿದರು. ಮದ್ದಿನಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟಿನ ಪ್ರಮಾಣ ಕಡಿಮೆ ಮಾಡಿದರು. ಶುಚಿಮಾಡುವ ಸಾಮಾನು ಕಳಿಸಿದರು. 1968ರಲ್ಲಿ ವಿಲ್ ಐಸ್ನರ್ ಎಂಬ ಹೆಸರಾಂತ ಚಿತ್ರಕಥೆಗಾರರಿಂದ ಶುಚಿಯ ಕ್ರಮವನ್ನು ಬಣ್ಣದ ಕಾಮಿಕ್ಸ್ ಪುಸ್ತಕವಾಗಿ ಬರೆಸಿ ಸೈನಿಕರಿಗೆ ಹಂಚಿದರು. ಒಣ ಕೈಪಿಡಿ ಓದದವರೂ ಅದನ್ನು ಓದಬಹುದಿತ್ತು. ಬೋಧನೆಯ ಈ ಗುಟ್ಟು ನಿಮಗೆ ಹೇಳಬೇಕಾಗಿಲ್ಲ. ತಿದ್ದಿದ ಅದೇ ರೈಫಲ್ ಮುಂದೆ ದಶಕಗಳ ಕಾಲ ಬಳಕೆಯಲ್ಲಿ ಉಳಿಯಿತು.

ನಮ್ಮ ಶಾಲೆಗೆ ಇದರಿಂದ ಏನು?

ನಾವು ರೈಫಲ್ ಕೊಳ್ಳುವವರಲ್ಲ. ಆದರೆ ತಕ್ಕಡಿ, ಸೂಕ್ಷ್ಮದರ್ಶಕ, ನೀರಿನ ಫಿಲ್ಟರ್, ಬ್ಯಾಟರಿ ಕೊಳ್ಳುತ್ತೇವೆ. ಹೊಸದು ಕೆಟ್ಟರೆ "ಮಕ್ಕಳು ಸರಿಯಾಗಿ ಬಳಸಿಲ್ಲ" ಎಂಬ ಉತ್ತರ ನಮಗೂ ಬರುತ್ತದೆ. ಅದಕ್ಕೆ ಎದುರುತ್ತರ ಸಿಟ್ಟಲ್ಲ, ಅಳತೆ.

"ತಕ್ಕಡಿ ಸರಿ ಇಲ್ಲ" ಎಂದು ಬರೆದರೆ ಕಂಪನಿ ನಂಬಬೇಕಾಗಿಲ್ಲ. "50 ಗ್ರಾಂ ತೂಕದ ಕಲ್ಲು ಇಟ್ಟರೆ 47 ಗ್ರಾಂ ತೋರಿಸುತ್ತದೆ, ಸಮತಟ್ಟಾದ ಮೇಜಿನ ಮೇಲೆ, ಫ್ಯಾನು ನಿಲ್ಲಿಸಿ, ಹತ್ತು ಸಲ ನೋಡಿದ್ದೇವೆ, ಹತ್ತೂ ಅಳತೆ ಕೆಳಗಿವೆ" ಎಂದು ಬರೆದರೆ ಅಲ್ಲಗಳೆಯುವುದು ಕಷ್ಟ. ದಿನಾಂಕ, ಮಾದರಿ ಸಂಖ್ಯೆ, ಬಿಲ್ಲಿನ ಪ್ರತಿ ಜೊತೆಗಿರಲಿ. ಕಂಪನಿ ಕಿವಿಗೊಡದಿದ್ದರೆ ನಾವು ಯಾವ ರಾಜ್ಯದಲ್ಲಿದ್ದರೂ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದೋಷಯುಕ್ತ ವಸ್ತುವಿನಿಂದಾದ ಹಾನಿಗೆ ತಯಾರಕರನ್ನು ಹೊಣೆ ಮಾಡುವ ಅಧ್ಯಾಯವೇ ಇದೆ.

ತರಗತಿಯಲ್ಲಿ ಮಾಡಿಸಿ

1. ಮೂರು ಮೊಳೆಯ ಪ್ರಯೋಗಕ್ಕೆ ನಾಲ್ಕನೆಯದೊಂದು ಸೇರಿಸಿ: ಎಣ್ಣೆ ಸವರಿದ ಮೊಳೆ. ಐದನೆಯದು: ಕ್ರೋಮಿಯಂ ಲೇಪಿಸಿದ ಹಳೆಯ ಸೈಕಲ್ ಭಾಗದ ತುಂಡು. ಎಲ್ಲವನ್ನೂ ಪ್ರಯೋಗಾಲಯದ ಕಪಾಟಿನಲ್ಲಿ ಇಡಬೇಡಿ. ಇಂಥದೇ ಒಂದು ಜೊತೆಯನ್ನು ಶಾಲೆಯ ಬಾವಿಕಟ್ಟೆ ಅಥವಾ ನಲ್ಲಿಯ ಹತ್ತಿರ ಇಡಿಸಿ. ದಿನವೂ ಮಕ್ಕಳೇ ಬರೆದಿಡಲಿ.

2. ಅದೇ ಮೊಳೆ, ಅದೇ ಹದಿನೈದು ದಿನ. ಜೂನ್ ತಿಂಗಳಲ್ಲಿ ಕಾಸರಗೋಡಿನ ಶಾಲೆಯೂ ಅಕ್ಕಲಕೋಟೆಯ ಶಾಲೆಯೂ ಮಾಡಿ ಟಿಪ್ಪಣಿ ಬದಲಾಯಿಸಿಕೊಳ್ಳಿ. ಒಂದೇ ವಸ್ತು ಎರಡು ಊರಲ್ಲಿ ಎರಡು ಥರ ಯಾಕೆ ಎಂಬ ಪ್ರಶ್ನೆ ಮಕ್ಕಳಿಂದಲೇ ಬರಲಿ.

3. ಮನೆಯಲ್ಲಿ ಬೇಗ ಕೆಟ್ಟ ಒಂದು ವಸ್ತುವಿನ ಬಗ್ಗೆ ಪ್ರತಿ ಮಗುವೂ ತಯಾರಕರಿಗೆ ಅರ್ಧ ಪುಟದ ಕಾಗದ ಬರೆಯಲಿ. ಒಂದೇ ಷರತ್ತು: "ಸರಿ ಇಲ್ಲ" ಎಂಬ ಮಾತು ಬರಕೂಡದು. ಏನಾಯಿತು, ಎಷ್ಟು ಸಲ, ಯಾವ ಸ್ಥಿತಿಯಲ್ಲಿ ಎಂಬುದಷ್ಟೇ ಇರಬೇಕು.

ಭಾಷಾ ಶಿಕ್ಷಕರನ್ನೂ ಮೂರನೆಯದಕ್ಕೆ ಜೊತೆ ಮಾಡಿಕೊಳ್ಳಿ. ನೋಡಿದ್ದನ್ನು ನೋಡಿದ ಹಾಗೆ ಬರೆಯುವುದು ಅವರ ಪಾಠವೂ ಹೌದು, ನಮ್ಮ ಪಾಠವೂ ಹೌದು. ಮಕ್ಕಳು ಬರೆದ ಒಳ್ಳೆಯ ಕಾಗದಗಳನ್ನು ನಮ್ಮ ಪತ್ರಿಕೆಗೂ ಕಳಿಸಿಕೊಡಿ.