ಹಲ್ಲು ತುಂಬುವ ಸಾಮಗ್ರಿಗಳಿಗೆ ಜೀವಕೋಶಗಳ ಉತ್ತರ

ಹಲ್ಲಿನ ಹೊರಮೈಯಲ್ಲಿರುವ ಎನಾಮೆಲ್ ಮಾನವ ದೇಹದ ಅತ್ಯಂತ ಗಟ್ಟಿಯಾದ ಪದಾರ್ಥವಾದರೂ ಅದರಲ್ಲಿ ಜೀವಕೋಶಗಳಿಲ್ಲ. ಹಲ್ಲಿನ ಜೀವವಿರುವುದು ನರ, ರಕ್ತನಾಳ ಮತ್ತು ಬಗೆಬಗೆಯ ಕೋಶಗಳಿಂದ ಕೂಡಿದ ಒಳಗಿನ ಮೃದುವಾದ ತಿರುಳಿನಲ್ಲಿ. ಇವೆರಡರ ನಡುವಿನ ಡೆಂಟಿನ್ ಎಂಬ ದಪ್ಪ ಪದರವು ಬರಿಗಣ್ಣಿಗೆ ಇಡಿಯಾಗಿ ಕಂಡರೂ ಸೂಕ್ಷ್ಮದರ್ಶಕದಡಿ ಅದರ ತುಂಬ ದ್ರವ ತುಂಬಿದ ಅತಿ ಸಣ್ಣ ನಾಳಗಳು ಕಾಣುತ್ತವೆ. ಎನಾಮೆಲಿನ ಅಂಚಿನಲ್ಲಿ ಚದರ ಮಿಲಿಮೀಟರಿಗೆ ಸುಮಾರು 20,000ದಷ್ಟಿರುವ ಈ ನಾಳಗಳು ತಿರುಳಿನ ಬಳಿಗೆ ಬರುವಾಗ ಒತ್ತೊತ್ತಾಗಿ ಸುಮಾರು 45,000ದಷ್ಟಾಗುತ್ತವೆ, ಜತೆಗೆ ಅಗಲವೂ ಆಗುತ್ತವೆ. ಹುಳುಕನ್ನು ಕೊರೆದು ತೆಗೆದ ಮೇಲೆ ವೈದ್ಯರು ತುಂಬುವ ಸಿಮೆಂಟ್ ಅಥವಾ ರಾಳವು ಈ ನಾಳಗಳ ಬಾಯಿಗೇ ತಾಗಿ ಕೂರುವುದರಿಂದ, ಅದು ಅಗಿಯುವ ಒತ್ತಡವನ್ನು ತಾಳುತ್ತದೆಯೇ ಎಂಬ ಪ್ರಶ್ನೆಯಷ್ಟೇ ಮುಖ್ಯವಾದ ಇನ್ನೊಂದು ಪ್ರಶ್ನೆಯಿದೆ: ಅದರಿಂದ ಜಿನುಗುವ ರಾಸಾಯನಿಕಗಳಿಗೆ ಒಳಗಿನ ತಿರುಳು ಹೇಗೆ ಪ್ರತಿಕ್ರಿಯಿಸುತ್ತದೆ? ಈ ಪ್ರಶ್ನೆಗೆ ಉತ್ತರ ಹುಡುಕುವ ಶಾಸ್ತ್ರವನ್ನು ಜೈವಿಕ ಹೊಂದಾಣಿಕೆಯ ಪರೀಕ್ಷೆ ಎನ್ನಬಹುದು. ವಿಷವೆಂಬುದು ಸಾಮಗ್ರಿಯೊಂದರ ಸ್ವಂತ ಗುಣವಲ್ಲ, ಅದು ಇರುವ ಜಾಗ, ಅದರ ಪ್ರಮಾಣ ಮತ್ತು ನಡುವಿನ ತಡೆಗಳಿಂದ ನಿರ್ಧಾರವಾಗುವ ಸಂಬಂಧ ಎಂಬುದನ್ನು ಈ ಶಾಸ್ತ್ರವು ಹಲವು ತಪ್ಪು ತೀರ್ಮಾನಗಳ ಬಳಿಕವೇ ಕಂಡುಕೊಂಡಿತು.

ಪರೀಕ್ಷೆಯ ಮೊದಲ ಮೆಟ್ಟಿಲು ಗಾಜಿನ ಅಥವಾ ಪ್ಲಾಸ್ಟಿಕ್ಕಿನ ತಟ್ಟೆಯಲ್ಲಿ ಬೆಳೆಸಿದ ಜೀವಕೋಶಗಳು. ಇದಕ್ಕೆ ಹೆಚ್ಚಾಗಿ ಬಳಸುವ ಎಲ್929 ಎಂಬ ಕೋಶಗಳು ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯಲ್ಲಿ 1940ರ ದಶಕದಲ್ಲಿ ಚಿಟ್ಟಿಲಿಯೊಂದರ ಅಂಗಾಂಶದಿಂದ ಬೇರ್ಪಡಿಸಿದ ಕೋಶಗಳ ಸಂತತಿ. ಪರೀಕ್ಷಿಸಬೇಕಾದ ಸಾಮಗ್ರಿಯನ್ನು ಪೋಷಕ ದ್ರವದಲ್ಲಿ ದೇಹದ ಉಷ್ಣತೆಯಾದ 37 ಡಿಗ್ರಿಯಲ್ಲಿ ಸಾಮಾನ್ಯವಾಗಿ ಒಂದು ದಿನ ನೆನೆಸಿ, ಆ ದ್ರವವನ್ನು ಕೋಶಗಳ ಮೇಲೆ ಸುರಿದು, ಎಷ್ಟು ಕೋಶಗಳು ಬದುಕಿ ಉಳಿದವೆಂದು ಅಳೆಯುತ್ತಾರೆ. 1983ರಲ್ಲಿ ಪ್ರಕಟವಾದ ಎಂಟಿಟಿ ವಿಧಾನದಲ್ಲಿ ಜೀವಂತ ಕೋಶಗಳ ಕಿಣ್ವಗಳು ಹಳದಿ ಬಣ್ಣದ ಲವಣವೊಂದನ್ನು ನೇರಳೆ ಹರಳುಗಳಾಗಿ ಮಾರ್ಪಡಿಸುತ್ತವೆ. ಸತ್ತ ಕೋಶಗಳಿಗೆ ಆ ಶಕ್ತಿಯಿಲ್ಲ, ಆದ್ದರಿಂದ ನೇರಳೆ ಬಣ್ಣ ಗಾಢವಾದಷ್ಟೂ ಬದುಕಿದ ಕೋಶಗಳು ಹೆಚ್ಚು. ಐಎಸ್‌ಒ 10993 ಎಂಬ ಅಂತರರಾಷ್ಟ್ರೀಯ ಮಾನಕದ ಐದನೆಯ ಭಾಗದ ಪ್ರಕಾರ ಕೋಶಗಳ ಜೀವಂತಿಕೆ ಶೇ 30ಕ್ಕಿಂತ ಹೆಚ್ಚು ಕುಸಿದರೆ ಆ ಸಾಮಗ್ರಿ ಕೋಶಗಳಿಗೆ ವಿಷಕಾರಿ.

ಈ ಅಳತೆಯನ್ನೇ ಕೊನೆಯ ತೀರ್ಪಾಗಿ ತೆಗೆದುಕೊಂಡರೆ ಏನಾಗುತ್ತದೆಂಬುದಕ್ಕೆ ಲವಂಗದ ಎಣ್ಣೆಯೇ ಸಾಕ್ಷಿ. ಹಲ್ಲುನೋವಿಗೆ ಲವಂಗ ಕಚ್ಚುವ ಅಭ್ಯಾಸದ ಹಿಂದಿರುವ ರಾಸಾಯನಿಕ ಯೂಜಿನಾಲ್. ಅದನ್ನು ಸತುವಿನ ಆಕ್ಸೈಡ್ ಪುಡಿಯೊಡನೆ ಕಲಸಿದ ಸಿಮೆಂಟನ್ನು ದಂತವೈದ್ಯರು ನೋಯುತ್ತಿರುವ ಹಲ್ಲನ್ನು ಶಮನಗೊಳಿಸಲು ತಲೆಮಾರುಗಳಿಂದ ಬಳಸುತ್ತ ಬಂದಿದ್ದಾರೆ. ಆದರೆ ಅದೇ ಸಿಮೆಂಟನ್ನು ತಟ್ಟೆಯಲ್ಲಿರುವ ಕೋಶಗಳ ಬಳಿ ಇಟ್ಟರೆ ಅವು ಸಾಯುತ್ತವೆ. ವಿರೋಧದಂತೆ ಕಾಣುವ ಈ ಎರಡೂ ಫಲಿತಾಂಶಗಳು ನಿಜ, ಏಕೆಂದರೆ ಹಲ್ಲಿನೊಳಗೆ ಸಿಮೆಂಟಿಗೂ ತಿರುಳಿಗೂ ನಡುವೆ ಡೆಂಟಿನ್ ಇದ್ದು, ಅದನ್ನು ದಾಟಿ ಹೋಗುವ ಯೂಜಿನಾಲಿನ ಸಾಂದ್ರತೆ ಸಿಮೆಂಟಿನ ಕೆಳಗಿರುವುದಕ್ಕಿಂತ ನೂರು ಪಟ್ಟಿನಷ್ಟು ಕಡಿಮೆಯಾಗಿರುತ್ತದೆ. ಕೊಲ್ಲುವಷ್ಟಿದ್ದ ಪ್ರಮಾಣ ನರದ ಸಂವೇದನೆಯನ್ನು ತಗ್ಗಿಸುವ ಪ್ರಮಾಣಕ್ಕೆ ಇಳಿಯುತ್ತದೆ. ತಟ್ಟೆಯ ಪರೀಕ್ಷೆ ಸುಳ್ಳು ಹೇಳುವುದಿಲ್ಲ. ಅದನ್ನು ಕೇಳಿದ ಪ್ರಶ್ನೆಯೇ ಬೇರೆ.

ಪ್ರಾಣಿಗಳ ಹಲ್ಲಿನಲ್ಲೇ ಸಾಮಗ್ರಿಯನ್ನು ತುಂಬಿ, ಕೆಲವು ದಿನ ಅಥವಾ ವಾರಗಳ ಬಳಿಕ ಹಲ್ಲನ್ನು ತೆಗೆದು, ತೆಳುವಾಗಿ ಸೀಳಿ, ತಿರುಳಿನಲ್ಲಿ ಉರಿಯೂತದ ಕೋಶಗಳನ್ನು ಹುಡುಕುವ ಬಳಕೆ ಪರೀಕ್ಷೆ ನಿಜಸ್ಥಿತಿಗೆ ಹೆಚ್ಚು ಹತ್ತಿರವೆಂದು ಎಲ್ಲರೂ ನಂಬಿದ್ದರು. ಅಚ್ಚರಿಯೆಂದರೆ ದಂತವಿಜ್ಞಾನದ ದೀರ್ಘಕಾಲದ ತಪ್ಪೊಂದು ಹುಟ್ಟಿದ್ದು ಇಲ್ಲಿಯೇ. ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಮುಂಗಡೆಯ ಹಲ್ಲುಗಳಿಗೆ ತುಂಬುತ್ತಿದ್ದ ಬಿಳಿಯ ಸಿಲಿಕೇಟ್ ಸಿಮೆಂಟಿನ ಕೆಳಗೆ ತಿರುಳು ಊದಿಕೊಳ್ಳುವುದನ್ನು ಕಂಡವರು ಅದರಲ್ಲಿದ್ದ ಫಾಸ್ಫಾರಿಕ್ ಆಮ್ಲವೇ ಕಾರಣವೆಂದು ತೀರ್ಮಾನಿಸಿ, ಅದನ್ನು ದಶಕಗಳ ಕಾಲ ಅಪಾಯಕಾರಿ ಪಟ್ಟಿಯಲ್ಲಿಟ್ಟರು. 1965ರಲ್ಲಿ ಕಾಕೆಹಾಶಿ, ಸ್ಟ್ಯಾನ್ಲಿ ಮತ್ತು ಫಿಟ್ಜ್‌ಜೆರಾಲ್ಡ್ ಎಂಬ ಅಮೆರಿಕದ ಸಂಶೋಧಕರು ನಡೆಸಿದ ಪ್ರಯೋಗ ಈ ನಂಬಿಕೆಯ ತಳವನ್ನು ಅಲುಗಿಸಿತು. ಅವರು ಎರಡು ಗುಂಪು ಇಲಿಗಳ ದವಡೆ ಹಲ್ಲುಗಳನ್ನು ತಿರುಳು ಕಾಣುವವರೆಗೆ ಕೊರೆದು, ಏನನ್ನೂ ತುಂಬದೆ ಹಾಗೆಯೇ ಬಿಟ್ಟರು. ಸಾಮಾನ್ಯ ಇಲಿಗಳಲ್ಲಿ ತಿರುಳು ಕೊಳೆತು ಸತ್ತಿತು. ಬ್ಯಾಕ್ಟೀರಿಯಾಗಳೇ ಇಲ್ಲದ ಆವರಣದಲ್ಲಿ ಹುಟ್ಟಿ ಬೆಳೆದ ಇಲಿಗಳಲ್ಲಾದರೋ, ತೆರೆದ ಗಾಯಕ್ಕೆ ಆಹಾರದ ಚೂರುಗಳು ತುಂಬಿಕೊಂಡಿದ್ದರೂ ತಿರುಳು ಬದುಕಿ, ಗಾಯದ ಮೇಲೆ ಡೆಂಟಿನಿನ ಹೊಸ ಸೇತುವೆಯನ್ನು ಕಟ್ಟಿಕೊಂಡಿತು.

ಇದಾದ ಮೇಲೆ ಸ್ವೀಡನ್ನಿನ ಮಾರ್ಟಿನ್ ಬ್ರಾನ್‌ಸ್ಟ್ರೋಮ್ ಮೊದಲಾದವರು, ತುಂಬಿದ ಸಾಮಗ್ರಿ ಮತ್ತು ಹಲ್ಲಿನ ಗೋಡೆಯ ನಡುವೆ ಉಳಿಯುವ ಕಣ್ಣಿಗೆ ಕಾಣದ ಸಂದಿನಲ್ಲಿ ಬ್ಯಾಕ್ಟೀರಿಯಾಗಳು ನುಸುಳಿ ಬೆಳೆಯುತ್ತವೆಂದೂ ತಿರುಳಿನ ಉರಿಯೂತಕ್ಕೆ ಅವುಗಳ ವಿಷವೇ ಮುಖ್ಯ ಕಾರಣವೆಂದೂ ವಾದಿಸಿದರು. 1987ರಲ್ಲಿ ಕಾಕ್ಸ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನ ಈ ವಾದಕ್ಕೆ ಗಟ್ಟಿ ಆಧಾರ ಕೊಟ್ಟಿತು: ಮಂಗಗಳ ಹಲ್ಲಿನ ತೆರೆದ ತಿರುಳಿನ ಮೇಲೆ ಸಿಲಿಕೇಟ್ ಸಿಮೆಂಟನ್ನೂ ಇತರ ಸಾಮಗ್ರಿಗಳನ್ನೂ ನೇರವಾಗಿ ಇಟ್ಟು, ಮೇಲ್ಭಾಗವನ್ನು ಸತುವಿನ ಆಕ್ಸೈಡ್ ಮತ್ತು ಯೂಜಿನಾಲಿನ ಸಿಮೆಂಟಿನಿಂದ ಬ್ಯಾಕ್ಟೀರಿಯಾ ನುಸುಳದಂತೆ ಮುಚ್ಚಿದಾಗ ತಿರುಳು ವಾಸಿಯಾಯಿತು. ಸಾಮಗ್ರಿಯ ಮೇಲೆ ಹೊರಿಸಿದ್ದ ಅಪರಾಧದ ಬಹುಪಾಲು ಅದರ ಅಂಚಿನ ಸೋರಿಕೆಯದಾಗಿತ್ತು. ಪ್ರಾಣಿಗಳ ನೋವಿನ ಮೇಲೆ ನಡೆದ ಎಷ್ಟೋ ಹಳೆಯ ಪರೀಕ್ಷೆಗಳು ತಾವು ಅಳೆಯುತ್ತಿದ್ದುದು ಏನೆಂದು ತಿಳಿಯದೆಯೇ ನಡೆದವೆಂಬುದು ದುಃಖದ ಸಂಗತಿ. ಇಂದು ಸೀಳಿದ ಹಲ್ಲಿನಲ್ಲಿ ಬ್ಯಾಕ್ಟೀರಿಯಾಗಳಿಗೆ ಬಣ್ಣ ಹಾಕಿ ಹುಡುಕದೆ ತಿರುಳಿನ ಉರಿಯೂತಕ್ಕೆ ಕಾರಣ ಹೇಳುವುದು ಅಸಾಧ್ಯ.

ಡೆಂಟಿನಿನ ಪಾತ್ರ ಸ್ಪಷ್ಟವಾದ ಬಳಿಕ ಅದನ್ನು ಪ್ರಯೋಗಾಲಯದ ಪರೀಕ್ಷೆಯೊಳಗೇ ತರುವುದು ಸಹಜವಾಗಿತ್ತು. ಜರ್ಮನಿಯ ರೇಗನ್ಸ್‌ಬರ್ಗಿನಲ್ಲಿ ಗಾಟ್‌ಫ್ರೀಡ್ ಶ್ಮಾಲ್ಜ್ ಅವರ ತಂಡ ಬೆಳೆಸಿದ ವಿಧಾನದಲ್ಲಿ ದನದ ಹಲ್ಲಿನಿಂದ ಕತ್ತರಿಸಿದ ಅರ್ಧ ಮಿಲಿಮೀಟರ್ ದಪ್ಪದ ಡೆಂಟಿನ್ ಬಿಲ್ಲೆಯ ಒಂದು ಬದಿಗೆ ಸಾಮಗ್ರಿಯನ್ನು ಇಟ್ಟು, ಇನ್ನೊಂದು ಬದಿಯಲ್ಲಿ ತಿರುಳಿನಿಂದ ಪಡೆದ ಕೋಶಗಳನ್ನು ಮೂರು ಆಯಾಮದಲ್ಲಿ ಬೆಳೆಸಿ, ರಕ್ತಸಂಚಾರದ ಬದಲಿಗೆ ಪೋಷಕ ದ್ರವವನ್ನು ನಿಧಾನವಾಗಿ ಹರಿಸುತ್ತಾರೆ. ದಂತ ಸಾಮಗ್ರಿಗಳಿಗೆಂದೇ ರೂಪಿಸಿದ ಐಎಸ್‌ಒ 7405 ಮಾನಕದಲ್ಲಿ ಡೆಂಟಿನ್ ತಡೆಯ ಪರೀಕ್ಷೆಗೂ ಈಗ ಸ್ಥಾನವಿದೆ.

ಇಷ್ಟಾದರೂ ಸಾಮಗ್ರಿ ನಿರುಪದ್ರವಿಯಾಗಿದ್ದರೆ ಸಾಕು ಎಂಬ ನಿಲುವು ತೆರೆದ ತಿರುಳನ್ನು ಮುಚ್ಚುವಂಥ ಕೆಲವು ಚಿಕಿತ್ಸೆಗಳಿಗೆ ಸಾಲದು. 1920ರಲ್ಲಿ ಜರ್ಮನಿಯ ಹರ್ಮನ್ ಬಳಕೆಗೆ ತಂದ ಕ್ಯಾಲ್ಸಿಯಂ ಹೈಡ್ರಾಕ್ಸೈಡ್, ಅಂದರೆ ಸುಣ್ಣದ ತಿಳಿಯಲ್ಲಿರುವ ಕ್ಷಾರ, ತನಗೆ ತಾಗಿದ ತಿರುಳಿನ ತೆಳುಪದರವನ್ನು ಸುಟ್ಟು ಕೊಲ್ಲುತ್ತದೆ. ತಟ್ಟೆಯ ಪರೀಕ್ಷೆಯಲ್ಲಿ ಅದು ಸುಲಭವಾಗಿ ಸೋಲುತ್ತದೆ. ಆದರೆ ಆ ಸುಟ್ಟ ಪದರದ ಕೆಳಗೆ ಹೊಸ ಕೋಶಗಳು ಬಂದು ಸೇರಿ ಡೆಂಟಿನ್ ಕಟ್ಟತೊಡಗುತ್ತವೆ, ಏಕೆಂದರೆ ಹಲ್ಲು ರೂಪುಗೊಳ್ಳುವಾಗಲೇ ಡೆಂಟಿನಿನಲ್ಲಿ ಸೆರೆಯಾಗಿ ಉಳಿದಿದ್ದ ಬೆಳವಣಿಗೆಯ ಪ್ರೋಟೀನುಗಳನ್ನು ಈ ಕ್ಷಾರವು ಕರಗಿಸಿ ಬಿಡುಗಡೆ ಮಾಡುತ್ತದೆ. ಕ್ಯಾಲಿಫೋರ್ನಿಯಾದ ಲೋಮಾ ಲಿಂಡಾ ವಿಶ್ವವಿದ್ಯಾಲಯದಲ್ಲಿ ಮಹಮೂದ್ ತೊರಾಬಿನೆಜಾದ್ 1990ರ ದಶಕದಲ್ಲಿ ರೂಪಿಸಿದ ಎಂಟಿಎ ಎಂಬ ಪುಡಿ, ಮನೆ ಕಟ್ಟುವ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಎಕ್ಸ್‌ರೇಯಲ್ಲಿ ಕಾಣಿಸಲೆಂದು ಬಿಸ್ಮತ್ ಆಕ್ಸೈಡ್ ಬೆರೆಸಿದಂಥದು. ಅದೂ ಗಟ್ಟಿಯಾಗುವಾಗ ಕ್ಯಾಲ್ಸಿಯಂ ಹೈಡ್ರಾಕ್ಸೈಡನ್ನೇ ಹೊರಬಿಡುತ್ತದೆ, ಜತೆಗೆ ಸಂದು ಬಿಡದಂತೆ ಮುಚ್ಚುತ್ತದೆ.

ಹಲ್ಲಿನ ಬಣ್ಣದ ರಾಳಗಳ ಲೆಕ್ಕ ಬೇರೆ. ನೀಲಿ ಬೆಳಕಿನಲ್ಲಿ ಗಟ್ಟಿಯಾಗುವಾಗ ಅವುಗಳ ಸಣ್ಣ ಅಣುಗಳೆಲ್ಲವೂ ಸರಪಳಿಗೆ ಸೇರುವುದಿಲ್ಲ. ಹೊರಗುಳಿದ ಹೀಮಾ ಎಂಬಂಥ ಅಣುಗಳು ನೀರಿನಲ್ಲಿ ಕರಗಿ ಡೆಂಟಿನ್ ನಾಳಗಳಿಗೆ ಇಳಿಯಬಲ್ಲವು. ಚರ್ಮದ ಅಲರ್ಜಿಯ ಅಪಾಯವಂತೂ ರೋಗಿಗಿಂತ ವೈದ್ಯರಿಗೂ ಸಹಾಯಕರಿಗೂ ಹೆಚ್ಚು, ಏಕೆಂದರೆ ದಿನವಿಡೀ ಈ ರಾಳಗಳ ಅಂಟನ್ನು ಮುಟ್ಟುವ ಅವರ ಕೈಗವಸಿನ ರಬ್ಬರನ್ನು ಈ ಅಣುಗಳು ಕೆಲವೇ ನಿಮಿಷಗಳಲ್ಲಿ ದಾಟುತ್ತವೆ. ತಿರುಳಿಗಾಗಿ ರೂಪಿಸಿದ ಯಾವ ಪರೀಕ್ಷೆಯೂ ಈ ಅಪಾಯವನ್ನು ತೋರಿಸದು. ಅದಕ್ಕೆ ರೋಗನಿರೋಧಕ ವ್ಯವಸ್ಥೆಯ ಪ್ರತ್ಯೇಕ ಪರೀಕ್ಷೆ ಬೇಕು.

2020ರಲ್ಲಿ ಅಮೆರಿಕದ ಒರೆಗಾನಿನಲ್ಲಿ ಲೂಯಿಸ್ ಬರ್ಟಸೋನಿ ಅವರ ತಂಡ ತೆಳುವಾದ ಡೆಂಟಿನ್ ಬಿಲ್ಲೆಯನ್ನೂ ಮಾನವ ಹಲ್ಲಿನ ಕಾಂಡಕೋಶಗಳನ್ನೂ ಚಿಪ್ ಎಂಬ ಪುಟ್ಟ ಪಾರದರ್ಶಕ ಸಾಧನವೊಂದರಲ್ಲಿ ಜೋಡಿಸಿ, ಸಾಮಗ್ರಿ ತಾಗಿದ ಹೊತ್ತಿನಲ್ಲೇ ಕೋಶಗಳ ಬದಲಾವಣೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡುವಂತೆ ಮಾಡಿತು. ಇಂಥ ಚಿಪ್‌ಗಳು ಪ್ರಾಣಿಗಳ ಬಳಕೆಯನ್ನು ತಗ್ಗಿಸಬಲ್ಲವೆಂಬುದು ದೊಡ್ಡ ಭರವಸೆ. ಆದರೆ ಚಿಪ್‌ನ ಡೆಂಟಿನಾಗಲಿ, ಹಲ್ಲು ನೇರಮಾಡುವ ಚಿಕಿತ್ಸೆಗಾಗಿ ಹೇಗೂ ಕೀಳಬೇಕಿದ್ದ ಹದಿಹರೆಯದವರ ಹಲ್ಲುಗಳ ಮೇಲೆ ನಡೆಯುವ ಪರೀಕ್ಷೆಗಳಾಗಲಿ ಪ್ರತಿನಿಧಿಸುವುದು ಆರೋಗ್ಯವಂತ ಎಳೆಯ ಹಲ್ಲನ್ನು. ವರ್ಷಗಟ್ಟಲೆ ನಿಧಾನವಾಗಿ ಹುಳುಕು ತಿಂದ ವಯಸ್ಕರ ಹಲ್ಲಿನಲ್ಲಿ ನಾಳಗಳು ಖನಿಜದಿಂದ ಮುಚ್ಚಿಕೊಂಡಿರುತ್ತವೆ, ತಿರುಳು ಮೊದಲೇ ಉರಿಯೂತದಲ್ಲಿರುತ್ತದೆ, ಅದರ ರಕ್ತಸಂಚಾರ ಕುಗ್ಗಿರುತ್ತದೆ. ಚಿಕಿತ್ಸೆಗೆ ಬರುವ ಹಲ್ಲುಗಳಲ್ಲಿ ಹೆಚ್ಚಿನವು ಇಂಥವೇ ಆಗಿರುವುದರಿಂದ, ಪರೀಕ್ಷೆಯ ಮುಂದಿನ ಹೆಜ್ಜೆ ರೋಗಗ್ರಸ್ತ ಡೆಂಟಿನ್ ಮತ್ತು ಉರಿಯೂತದಲ್ಲಿರುವ ಕೋಶಗಳನ್ನೇ ಪ್ರಯೋಗಾಲಯದೊಳಗೆ ತರುವುದಾಗಬೇಕು.